ನಮ್ಮ ಮನೆಯ ಪಾಲಿನ ಚಳಿ

ಹಟಮಾರಿ ಗಂಡನನ್ನು ಕಟ್ಟಿಕೊಂಡ ಹೆಂಗಸಿಗೆ ಹೇಳಿಕೊಂಡು ನಗಲು ಏನಾದರೊಂದು ಸಿಕ್ಕುತ್ತಲೇ ಇರುತ್ತದೆ. ಒಂದು ಫಜೀತಿ ಮುಗಿಯಿತಪ್ಪಾ ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಫಜೀತಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ. ಆಗ ಸಿಟ್ಟು ಬರುತ್ತಿತ್ತು. ಈಗ ಅವರಿಲ್ಲ, ಫಜೀತಿಗಳೂ ಇಲ್ಲ. ಮನೆ ನೆಟ್ಟಗೆ ನಡೆಯುತ್ತಿದೆ, ನನಗೆ ಬೇಜಾರೋ ಬೇಜಾರು.

ನಮ್ಮ ಯಜಮಾನರು ತಮಿಳುನಾಡಿನ ಗಡಿಯೂರಾದ ಹೊಸೂರಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದರು. ಇಸ್ಪೀಟಿಲ್ಲ, ನಶ್ಯವಿಲ್ಲ, ಕೆಟ್ಟ ಮಾತಿಲ್ಲ. ಇದ್ದದ್ದು ಒಂದೇ ಹುಚ್ಚು, ಅದು ಹೊಸೂರಿನ ಚಳಿಯ ಹುಚ್ಚು.

ನಾನು ಕೃಷ್ಣಗಿರಿಯವಳು. ಬಂಡೆ ಬೆಟ್ಟದ ಬುಡದಲ್ಲಿ ಕಾವಿನಲ್ಲೇ ಬೆಳೆದವಳು. ಮದುವೆಯಾಗಿ ಹೊಸೂರಿಗೆ ಬಂದ ಮೊದಲ ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಅಡುಗೆಮನೆಯ ಗೂಡಿನಲ್ಲಿದ್ದ ಬಟ್ಟಲಿನಿಂದ ಬೆಳ್ಳಗಿನ ಬೆಣ್ಣೆ ತೆಗೆದು ರೊಟ್ಟಿಗೆ ಸವರಿಕೊಂಡು ತಿಂದೆ. ರುಚಿ ಯಾಕೋ ಒಂದು ಥರ ಇತ್ತು. ಅದು ನಮ್ಮತ್ತೆಯವರ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಚಳಿಗೆ ಗಟ್ಟಿಯಾಗಿ ಕೂತಿತ್ತು. ಬೆಳಗಿನ ಮಂಜು ಎಷ್ಟಿರುತ್ತಿತ್ತೆಂದರೆ ಹಾಲಿನವನ ದನಿ ಮೊದಲು ಬರುತ್ತಿತ್ತು, ಆಮೇಲೆ ಹಾಲಿನವನು. ಅವರೆಕಾಯಿಗೆ ಇಬ್ಬನಿ ಬಿದ್ದು ಅದರ ಸೊಗಡು ಬೀದಿಗೆಲ್ಲಾ ಹರಡುತ್ತಿತ್ತು. 

ಎಪ್ಪತ್ತರ ದಶಕದಲ್ಲಿ ಊರ ಪಕ್ಕ ಕಾರ್ಖಾನೆಗಳು ಬಂದವು. ದೊಡ್ಡ ರಸ್ತೆಯ ಹುಣಸೆಮರಗಳು ಒಂದೊಂದಾಗಿ ಉರುಳಿದವು. ಬೀದಿಯಲ್ಲಿ ಸ್ಕೂಟರುಗಳು ಬುಡುಬುಡು ಎನ್ನತೊಡಗಿದವು. ಮಾರ್ಗಳಿಯ ಒಂದು ಬೆಳಗ್ಗೆ ನಮ್ಮವರು ಕೊಬ್ಬರಿ ಎಣ್ಣೆಯ ಬಟ್ಟಲನ್ನು ಅಲ್ಲಾಡಿಸಿ ನೋಡಿ, ಅದು ನೀರಿನ ಹಾಗೆ ತುಳುಕಿದ್ದಕ್ಕೆ ಮುಖ ಸಪ್ಪೆ ಮಾಡಿಕೊಂಡು ಹೇಳಿದರು.

"ಚಳಿ ಒಂದೇ ಸಲ ಓಡಿಹೋಗಲ್ಲ ಕಣೇ. ಒಬ್ಬೊಬ್ಬರ ಮನೆಯಿಂದ ಒಂದೊಂದು ಹಿಡಿ ಹೋಗುತ್ತೆ. ನಮ್ಮನೆ ಪಾಲಿನದನ್ನ ನಾವು ಬಿಡಬಾರ್ದು."

ಅವತ್ತಿನಿಂದ ಶುರುವಾಯಿತು. ನಮ್ಮ ಮನೆಗೆ ಸ್ಕೂಟರ್ ಬರಕೂಡದು. ಮರ ಕಡಿದ ಸೌದೆ ಬರಕೂಡದು. ಮುಖ್ಯವಾಗಿ ಫ್ಯಾನು ಬರಕೂಡದು, ಅದನ್ನು ಹಾಕಿಸಿದರೆ ಚಳಿ ಹೋಯಿತು ಎಂದು ನಾವೇ ಒಪ್ಪಿಕೊಂಡ ಹಾಗಂತೆ. ನನಗೋ, ಸ್ಕೂಟರಿನ ಹಿಂದೆ ಕೂತು ಒಂದು ಸಲವಾದರೂ ಬಜಾರಿಗೆ ಹೋಗಬೇಕು, ಬೇಸಿಗೆಯಲ್ಲಿ ಒಂದು ಫ್ಯಾನಿನ ಕೆಳಗೆ ಮಲಗಬೇಕು ಎಂಬ ಆಸೆ.

"ಊರಿಗೆಲ್ಲಾ ಸ್ಕೂಟರ್ ಬಂದಮೇಲೆ ನೀವೊಬ್ರು ಸೈಕಲ್ ತುಳಿದ್ರೆ ಚಳಿ ನಿಂತುಬಿಡುತ್ತಾ?" ಎಂದು ಕೇಳುತ್ತಿದ್ದೆ.

"ನಿಲ್ದೇ ಇರಬೌದು. ನಮ್ಮಿಂದ ಹೋಯ್ತು ಅಂತ ಆಗಬಾರ್ದು," ಎನ್ನುತ್ತಿದ್ದರು.

ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಿದ್ದೆ.

ಕೋಸಿನ ಲಾರಿ

ನಮ್ಮ ನಾದಿನಿಯನ್ನು ಕೊಟ್ಟದ್ದು ಅತ್ತಿಬೆಲೆಗೆ. ಅವಳ ಮಗುವಿನ ನಾಮಕರಣ ಬಂತು. ಬಸ್ಸಿಗೆ ಹೋಗೋಣ ಎಂದೆ. "ಇಷ್ಟು ಹತ್ತಿರಕ್ಕೆ ಬಸ್ಸೇ?" ಎಂದು ಅವರು ಸೈಕಲ್ಲಿನ ಕ್ಯಾರಿಯರಿಗೆ ದುಪ್ಪಟಿ ಮಡಿಸಿ ಕಟ್ಟಿದರು. ರೇಷ್ಮೆ ಸೀರೆ ಉಟ್ಟುಕೊಂಡು, ಮಡಿಲಲ್ಲಿ ಬೆಳ್ಳಿ ಬಟ್ಟಲು ಇಟ್ಟುಕೊಂಡು, ನಾನು ಹಿಂದೆ ಕೂತೆ. ಏರು ಬಂದ ಕಡೆಯೆಲ್ಲ ಇಳಿದು ನಡೆದೆ. ಆ ದಾರಿಯಲ್ಲಿ ಅಷ್ಟೊಂದು ಏರು ಇದೆ ಎಂದು ಬಸ್ಸಿನಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ.

ಜೂಜುವಾಡಿ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಬಿಸಿಲಿನಲ್ಲಿ ನಿಂತಿದ್ದ ನಮ್ಮನ್ನು ನೋಡಿ ಒಂದು ಕೋಸಿನ ಲಾರಿ ನಿಂತಿತು. "ವಾಂಗ ಸಾರ್, ಏರಿಕ್ಕೋಂಗ," ಎಂದು ಡ್ರೈವರು ಕರೆದ. ಮುಂದೆ ಜಾಗವಿರಲಿಲ್ಲ, ಏರುವುದೆಂದರೆ ಕೋಸಿನ ಮೇಲೆಯೇ. ನಮ್ಮವರು ಇನ್ನೂ ಯೋಚಿಸುತ್ತಿದ್ದರು. ನಾನು ಅಷ್ಟರಲ್ಲಿ ಟೈರಿನ ಮೇಲೆ ಕಾಲಿಟ್ಟಾಗಿತ್ತು.

ಮೇಲೆ ಕೂತ ಮೇಲೆ ಅವರ ಮನಸ್ಸು ಒಳಗೊಳಗೇ ಒದ್ದಾಡಿತು. ಸ್ವಲ್ಪ ದೂರ ಹೋದ ಮೇಲೆ ಸಮಾಧಾನ ಹುಡುಕಿಕೊಂಡರು. "ಲಾರಿ ಹೇಗೂ ಹೋಗ್ತಿತ್ತಲ್ವಾ. ನಾವು ಹತ್ತಿದ್ರಿಂದ ಹೊಗೆ ಏನೂ ಜಾಸ್ತಿ ಆಗ್ಲಿಲ್ಲ."

"ಬಸ್ಸೂ ಹೇಗೂ ಹೋಗ್ತಿತ್ತಲ್ಲಾ?" ಎಂದೆ.

ಅವರು ಕೋಸುಗಳನ್ನು ನೋಡುತ್ತಾ ಕೂತರು.

ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತಿತು. "ಲೋಡ್ ಏನಪ್ಪಾ?" ಎಂದು ಅಲ್ಲಿನ ಪೇದೆ ಕೆಳಗಿನಿಂದ ಕೇಳಿದ್ದಕ್ಕೆ ಡ್ರೈವರು, "ಕೋಸು, ಒಂದು ಸೈಕಲ್ಲು, ವಾದ್ಯಾರು, ವಾದ್ಯಾರಮ್ಮ," ಎಂದು ಮೇಷ್ಟ್ರನ್ನೂ ನನ್ನನ್ನೂ ಸೇರಿಸಿ ಒಂದನ್ನೂ ಬಿಡದೆ ಹೇಳಿದ. ಕೇಳಿದವನು ತಲೆ ಎತ್ತಿ ನೋಡಿದವನೇ, "ಅಯ್ಯೋ, ನಮ್ಮ ಭೂಗೋಳ ಸಾರ್!" ಎಂದು ನಿಂತಲ್ಲೇ ಕೈಮುಗಿದ. ನಮ್ಮವರು ಕೋಸಿನ ಮೇಲಿಂದಲೇ ಆಶೀರ್ವಾದ ಮಾಡಿದರು.

ನಾಮಕರಣದ ಮನೆಯಲ್ಲಿ ಎಲ್ಲರೂ, "ಹೇಗೆ ಬಂದ್ರಿ?" ಎಂದರು. ನಮ್ಮವರು ಎದೆಯುಬ್ಬಿಸಿ, "ಸೈಕಲ್ಲಲ್ಲಿ!" ಎಂದರು. ನಾದಿನಿ ನನ್ನನ್ನು ಹಿಂದಕ್ಕೆ ತಿರುಗಿಸಿ, ಜಡೆಗೆ ಸಿಕ್ಕಿಕೊಂಡಿದ್ದ ಅಂಗೈಯಗಲದ ಎಲೆಯನ್ನು ಬಿಡಿಸಿ ತೆಗೆದು ಕೇಳಿದಳು.

"ಯಾಕತ್ತಿಗೆ, ಹೊಸೂರಲ್ಲಿ ಈಗ ಕೋಸಿನೆಲೇನೂ ಮುಡೀತಾರಾ?"

ರಸ್ತೆಯ ಎಡ, ರಸ್ತೆಯ ಬಲ

ಸೌದೆ ಬೇಡ ಎಂದಮೇಲೆ ಒಲೆ ಉರಿಯಬೇಕಲ್ಲ. ಹಿತ್ತಲಲ್ಲಿ ಬಾವಿಯಂಥ ಗುಂಡಿ ತೋಡಿಸಿ, ಅದರ ಮೇಲೆ ದೊಡ್ಡ ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕಿಸಿ, ಗೋಬರ್ ಗ್ಯಾಸ್ ಮಾಡಿಸಿದರು. ಸಗಣಿ ಕಲಸಿ ಬಿಟ್ಟರೆ ಗ್ಯಾಸ್ ತುಂಬಿ ಡ್ರಮ್ಮು ಮೇಲೇಳುತ್ತಿತ್ತು. ನಾನು ಅಡುಗೆ ಮಾಡಿದಷ್ಟೂ ಕೆಳಗಿಳಿಯುತ್ತಿತ್ತು. ಬೀದಿಯವರೆಲ್ಲ ಬಂದು ನೋಡಿದರು. ನೀಲಿ ಉರಿ, ಕಣ್ಣಿಗೆ ಹೊಗೆ ಇಲ್ಲ. ಇದೊಂದು ವಿಷಯದಲ್ಲಿ ನಾನು ಅವರಿಗೆ ಪೂರಾ ಸೋತುಹೋದೆ.

ಕಷ್ಟವೆಂದರೆ ನಮ್ಮದು ಎರಡೇ ಹಸು. ಸಾರು ಕುದಿಯುವ ಹೊತ್ತಿಗೆ ಡ್ರಮ್ಮು ತಳ ಸೇರುತ್ತಿತ್ತು. ಅದಕ್ಕೆ ನಮ್ಮವರು ಬೆಳಗ್ಗೆ ಮಂಕರಿ ಹಿಡಿದುಕೊಂಡು, ಬೇರಿಕೆ ಕಡೆಯಿಂದ ಸಂತೆಗೆ ಬರುವ ದನಗಳ ಹಿಂದೆ ಹೋಗತೊಡಗಿದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಸಗಣಿ ಮಂಕರಿ. ಸ್ಕೂಲಿಗೆ ಹೋಗುವ ಹುಡುಗರು ಸಾಲಾಗಿ ನಿಂತು, "ನಮಸ್ಕಾರ ಸಾರ್," ಎನ್ನುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದೆ.

ಆ ರಸ್ತೆಯ ಸಗಣಿಗೆ ಮೊದಲೇ ಒಬ್ಬ ಯಜಮಾನಿತಿ ಇದ್ದಳು. ಬೆರಣಿ ತಟ್ಟಿ ಮಾರುವ ಅಜ್ಜಿ. ಅವಳು ಸೊಂಟಕ್ಕೆ ಕೈಯಿಟ್ಟು ದಾರಿಗೆ ಅಡ್ಡ ನಿಂತಳು.

"ಏನ್ ಸಾಮಿ, ಮೇಷ್ಟ್ರಾಗಿ ನನ್ ಹೊಟ್ಟೆ ಮ್ಯಾಲೆ ಹೊಡೀತೀರಲ್ಲ! ನಾನೆಲ್ಲಿಗೋಗ್ಲಿ?"

ನಮ್ಮವರು ಪಾಠ ಶುರುಮಾಡಿದರು. ಬೆರಣಿ ಉರಿಸಿದರೆ ಹೊಗೆ, ಹೊಗೆಯಿಂದ ಕಣ್ಣಿಗೆ ಕೆಡುಕು, ಊರಿಗೂ ಕಾವು, ಅದರಿಂದಲೇ ಚಳಿ ಹೋಗುತ್ತಿದೆ, ಇತ್ಯಾದಿ. ಅಜ್ಜಿ ಪೂರಾ ಕೇಳಿಸಿಕೊಂಡಳು.

"ಹಂಗಾರೆ ನಿಮ್ ಗ್ಯಾಸ್ನಾಗೆ ಅನ್ನ ತಣ್ಣಗೇ ಬೇಯ್ತದಾ ಸಾಮಿ?"

ಪಾಠ ಅಲ್ಲಿಗೆ ಮುಗಿಯಿತು. ರಾಜಿಯಾಯಿತು. ಗಡಿಯ ಊರಿನವರಾದ ನಮಗೆ ಗೆರೆ ಎಳೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ರಸ್ತೆಯ ಎಡಗಡೆ ಬಿದ್ದದ್ದು ಅಜ್ಜಿಗೆ, ಬಲಗಡೆಯದು ಮೇಷ್ಟ್ರಿಗೆ. ನಮ್ಮವರು ಕಾಲಿನಿಂದ ಮಣ್ಣಿನಲ್ಲಿ ಉದ್ದಕ್ಕೆ ಗೆರೆಯನ್ನೂ ಎಳೆದರು. ಅಷ್ಟರಲ್ಲಿ ಒಂದು ಹೋರಿ ನಿಧಾನವಾಗಿ ಬಂದು, ಸರಿಯಾಗಿ ಗೆರೆಯ ಮೇಲೆ ನಿಂತು, ಬಾಲ ಎತ್ತಿತು.

ಇಬ್ಬರೂ ಮಂಕರಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಅಜ್ಜಿಯೇ ನಿಟ್ಟುಸಿರುಬಿಟ್ಟು ತನ್ನ ಮಂಕರಿಯನ್ನು ಹಿಂದಕ್ಕೆ ತೆಗೆದಳು.

"ತಕ್ಕಳಿ ಸಾಮಿ, ಮಕ್ಕಳು ನೋಡ್ತಾವ್ರೆ. ನಿಮ್ ಮರ್ವಾದೆ ಹೋಗದು ಬ್ಯಾಡ."

ಹೆಣ್ಣು ನೋಡಲು ಬಂದವರು

ಮದುವೆಗೆ ಬೆಳೆದು ನಿಂತ ನಮ್ಮ ಮಗಳನ್ನು ನೋಡಲು ಡೆಂಕಣಿಕೋಟೆಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಜೊತೆಗೆ ಅವನ ಅಪ್ಪ, ಅಮ್ಮ, ತುಂಬಾ ಮಡಿಯ ಅಜ್ಜಿ. ನಾನು ಹಿಂದಿನ ದಿನವೇ ನಮ್ಮವರಿಗೆ ಹೇಳಿದ್ದೆ. "ದಮ್ಮಯ್ಯ, ಆ ಡ್ರಮ್ಮಿನ ಮಾತು ಮಾತ್ರ ಎತ್ತಬೇಡಿ." ಅವರು ಆಗಲಿ ಎಂದಿದ್ದರು.

ಕಾಫಿ ಬಂತು. ಅಜ್ಜಿ ಒಂದು ಗುಟುಕು ಕುಡಿದು ಹೊಗಳಿದರು. "ಹೊಗೆ ವಾಸ್ನೆ ಇಲ್ಲ, ಸೀಮೆಎಣ್ಣೆ ವಾಸ್ನೆ ಇಲ್ಲ. ಯಾವ್ದರಲ್ಲಿ ಕಾಯಿಸಿದ್ದಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಎದ್ದು ನಿಂತಾಗಿತ್ತು. "ಬನ್ನಿ, ತೋರಿಸ್ತೀನಿ!"

ರೇಷ್ಮೆ ಸೀರೆಗಳೆಲ್ಲ ಹಿತ್ತಲಿಗೆ ನಡೆದವು. ನಮ್ಮವರು ಕೋಲಿನಿಂದ ಕಲಕಿ ಎಲ್ಲವನ್ನೂ ವಿವರವಾಗಿ ತೋರಿಸಿದರು. ಹುಡುಗನ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅವರ ಕೈಯಲ್ಲಿದ್ದ ಕಾಫಿ ಲೋಟ ಮೆಲ್ಲಗೆ ತುಳಸಿಕಟ್ಟೆ ಸೇರಿತು. ಮುಗಿಯಿತು ಸಂಬಂಧ ಎಂದುಕೊಂಡೆ. ಮಗಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ಹಣೆ ಚಚ್ಚಿಕೊಂಡಳು.

ಅಜ್ಜಿ ಮಾತ್ರ ಗುಂಡಿಯನ್ನೇ ದಿಟ್ಟಿಸಿ ನೋಡಿ ತೀರ್ಪು ಕೊಟ್ಟರು. "ಗೋಮಯಕ್ಕಿಂತ ಮಡಿ ಯಾವ್ದಿದೆಯೇ? ಏಕಾದಶಿ ದಿನ ಕೂಡ ಕುಡೀಬೌದು ಈ ಕಾಫಿನ. ಇನ್ನೊಂದು ಲೋಟ ತಾರಮ್ಮ."

ಹುಡುಗನೋ, ಪಂಚೆಯನ್ನು ಎತ್ತಿ ಕಟ್ಟಿ, ಡ್ರಮ್ಮಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಹೊರಡುವ ಹೊತ್ತಿಗೆ ಅವನಪ್ಪ ಕೇಳಿದರು. "ಏನಪ್ಪಾ, ಒಪ್ಪಿಗೇನಾ?"

"ಚೆನ್ನಾಗಿದೆ ಅಪ್ಪಾ. ತುಕ್ಕು ಹಿಡೀದ ಹಾಗೆ ವರ್ಷಕ್ಕೊಂದ್ಸಲ ಬಣ್ಣ ಹೊಡೀಬೇಕು, ಅಷ್ಟೆ."

ಮದುವೆ ಆಯಿತು, ಚೆನ್ನಾಗಿಯೂ ಇದ್ದಾರೆ. ಆದರೆ ಮಗಳು ಗಂಡನ ಮೇಲೆ ಮುನಿಸಿಕೊಂಡಾಗಲೆಲ್ಲ ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾಳೆ. "ಇವರು ಒಪ್ಪಿದ್ದು ಡ್ರಮ್ಮನ್ನಮ್ಮಾ, ನಾನು ಜೊತೇಲಿ ಬಂದೆ!"

ನೆರಳು

ಬೀದಿಯ ಉದ್ದಕ್ಕೂ ಅವರು ಹೊಂಗೆ ಸಸಿ ನೆಟ್ಟರು. ಮೇಕೆಗಳು ತಿಂದವು. ಮತ್ತೆ ನೆಟ್ಟು ಮುಳ್ಳು ಕಟ್ಟಿದರು. ಸಂಜೆ ಸ್ನಾನದ ನೀರು, ಪಾತ್ರೆ ತೊಳೆದ ನೀರು ಎಲ್ಲವನ್ನೂ ಕೊಡದಲ್ಲಿ ಹೊತ್ತು ಹಾಕುತ್ತಿದ್ದರು. ಎದುರುಮನೆಯವರು, ಅದೇ ಸ್ಕೂಲಿನ ಲೆಕ್ಕದ ಮೇಷ್ಟ್ರು, ಜಗಲಿಯಲ್ಲಿ ಕೂತು ಗೇಲಿ ಮಾಡುತ್ತಿದ್ದರು. "ಏನ್ ಮೇಷ್ಟ್ರೇ, ನಾಲ್ಕು ಗಿಡ ನೆಟ್ಟು ಊರಿಗೆಲ್ಲಾ ಚಳಿ ಬರಿಸ್ತೀರಾ?"

ಗಿಡಗಳು ಬೆಳೆದವು. ನಾಲ್ಕಾರು ವರ್ಷದಲ್ಲಿ ಮರವಾಗಿ ಬೀದಿಗೆ ಚಪ್ಪರ ಹಾಕಿದವು. ಬೇಸಿಗೆಯ ಮಧ್ಯಾಹ್ನ ಬಜಾರಿನಿಂದ ನಮ್ಮ ಬೀದಿಗೆ ತಿರುಗಿದರೆ ಮೈಗೆ ತಣ್ಣಗೆ ತಾಕುತ್ತಿತ್ತು. ಸುಳ್ಳಲ್ಲ, ನಾನೇ ಎಷ್ಟೋ ಸಲ ಆ ತಿರುವಿನಲ್ಲಿ ಚೀಲ ಇಳಿಸಿ ಒಂದು ಗಳಿಗೆ ನಿಂತಿದ್ದೇನೆ. ಅವರಿಗೆ ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ಪಕ್ಕದ ಬೀದಿಗೂ ಕೊಡ ಹೊರುತ್ತಿದ್ದರು.

ಒಂದು ಭಾನುವಾರ ಹೊರಗೆ ಗಲಾಟೆ. ನಮ್ಮವರು ಮರದ ಕೆಳಗೆ ನಿಂತಿದ್ದಾರೆ. ಅವರ ಮುಂದೆ ಹೊಚ್ಚಹೊಸ ಸ್ಕೂಟರು, ಹೂವಿನ ಹಾರ, ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಲೆಕ್ಕದ ಮೇಷ್ಟ್ರು ಹಲ್ಲು ಕಿರಿಯುತ್ತಾ ನಿಂತಿದ್ದಾರೆ.

"ನೀವೂ ತಗೊಂಡ್ಬಿಟ್ರಾ?" ಎಂದು ನಮ್ಮವರು ಕೇಳಿದರು. ದನಿಯಲ್ಲಿ ಜೀವವೇ ಇರಲಿಲ್ಲ.

"ಎಲ್ಲಾ ನಿಮ್ಮ ದಯೆ ಮೇಷ್ಟ್ರೇ," ಎಂದರು ಅವರು, ಮರದ ಬೊಡ್ಡೆಯನ್ನು ತಟ್ಟುತ್ತಾ. "ಬಿಸಿಲಲ್ಲಿ ನಿಂತ್ರೆ ಸೀಟು ಹಾಳಾಗುತ್ತೆ ಅಂತ ಇಷ್ಟ್ ದಿನ ತಗೊಂಡಿರ್ಲಿಲ್ಲ. ಈಗ ನಿಮ್ಮ ನೆರಳಿದೆಯಲ್ಲಾ!"

ನಮ್ಮವರು ಒಳಗೆ ಬಂದು ಒಂದು ಚೊಂಬು ನೀರು ಕುಡಿದರು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಸಂಜೆ ನೋಡಿದರೆ ಮತ್ತೆ ಕೊಡ ಹೊತ್ತು ಹೊರಟಿದ್ದಾರೆ. ಸ್ಕೂಟರಿಗೆ ನೀರು ಸಿಡಿಯದ ಹಾಗೆ ಬಗ್ಗಿ ಬಗ್ಗಿ ಹಾಕುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ನಗು ಬರಲಿಲ್ಲ.

ಫ್ಯಾನು

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಫ್ಯಾನಿಲ್ಲದ ಮನೆ ನಮ್ಮದೊಂದೇ. ಆ ವರ್ಷದ ಮಾರ್ಗಳಿಯಲ್ಲಿ ನಮ್ಮವರು ಟ್ರಂಕಿನಿಂದ ಸ್ವೆಟರನ್ನೂ ಮಂಗನ ಟೋಪಿಯನ್ನೂ ತೆಗೆದು ಬಿಸಿಲಿಗೆ ಹಾಕಿ ಕಾದರು. ಎರಡು ದಿನ ಹಾಕಿಕೊಂಡು ವಾಕಿಂಗ್ ಹೋಗಿ ಬೆವೆತುಕೊಂಡು ಬಂದರು. ಮೂರನೆಯ ದಿನ ನುಸಿಗುಳಿಗೆ ಹಾಕಿ ಮತ್ತೆ ಟ್ರಂಕಿನಲ್ಲಿಟ್ಟರು. ನಮ್ಮ ಅತ್ತೆ ತೀರಿಕೊಂಡಾಗಲೂ ಅವರ ಮುಖ ಅಷ್ಟು ಇಳಿದಿರಲಿಲ್ಲ.

ಯುಗಾದಿ ಕಳೆದ ಮೇಲೆ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣುಮಗು ಹುಟ್ಟಿತು. ಆ ಬೇಸಿಗೆಯ ಸೆಕೆ ಕೇಳಬೇಡಿ, ನಾನು ತವರನ್ನು ನೆನೆಸಿಕೊಳ್ಳುವಂತಿತ್ತು. ಮಗುವಿನ ಕತ್ತು ಬೆನ್ನೆಲ್ಲ ಬೆವರುಸಾಲೆ. ಕಿರುಚೀ ಕಿರುಚೀ ಮನೆ ಹಾರಿಸುತ್ತಿತ್ತು.

"ಒಂದು ಫ್ಯಾನ್ ಹಾಕ್ಸಿಬಿಡಿ ಅಪ್ಪಾ," ಎಂದಳು ಮಗಳು.

"ಹೊಸೂರಲ್ಲಿ ಹುಟ್ಟಿದ ಮಗೂಗೆ ಫ್ಯಾನೇ?" ಎಂದು ಅವರು ತಾಳೆಗರಿಯ ಬೀಸಣಿಗೆ ಹಿಡಿದು ತೊಟ್ಟಿಲ ಪಕ್ಕ ಕೂತುಬಿಟ್ಟರು. ಬೇಸಿಗೆ ರಜೆ, ಬೇರೆ ಕೆಲಸವೂ ಇರಲಿಲ್ಲ. ಬೀಸುತ್ತಾ ಬೀಸುತ್ತಾ ಅವರಿಗೇ ಜೊಂಪು ಹತ್ತುತ್ತಿತ್ತು. ಕೈ ನಿಂತರೆ ಮಗು ಕಿರುಚುತ್ತಿತ್ತು, ಮಗು ಕಿರುಚಿದರೆ ಅವರು ಬೆಚ್ಚಿಬಿದ್ದು ಬೀಸುತ್ತಿದ್ದರು. ಒಂದು ಸಲ ಪೂರಾ ನಿದ್ದೆಯಲ್ಲಿ ತೊಟ್ಟಿಲನ್ನು ಬಿಟ್ಟು ಗೋಡೆಯ ಕ್ಯಾಲೆಂಡರಿಗೆ ಗಾಳಿ ಹಾಕುತ್ತಿದ್ದರು. ಹೀಗೆ ಒಂದು ವಾರ ನಡೆಯಿತು. ಭುಜ ಊದಿಕೊಂಡಿತು. ಮಗುವಿನ ಬೆನ್ನು ಇನ್ನೂ ಕೆಂಪಾಯಿತು.

ಎಂಟನೆಯ ದಿನ ಬೆಳಗ್ಗೆ ಅವರು ಮಗುವಿನ ಬೆನ್ನನ್ನು ನೋಡಿದರು. ಯಾರಿಗೂ ಹೇಳದೆ ಸೈಕಲ್ ಹತ್ತಿ ಹೋದರು. ವಾಪಸ್ಸು ಬರುವಾಗ ಬೀದಿಯೆಲ್ಲ ಎದ್ದು ನಿಂತಿತು. ಕ್ಯಾರಿಯರಿಗೆ ಫ್ಯಾನು ಕಟ್ಟಿದ್ದರು. ಅಂಗಡಿಯವನು ರೆಕ್ಕೆಗಳನ್ನು ಮೊದಲೇ ಜೋಡಿಸಿಕೊಟ್ಟಿದ್ದನಂತೆ. ಅವು ಎರಡೂ ಕಡೆಗೆ ಚಾಚಿಕೊಂಡಿದ್ದವು. ಲೆಕ್ಕದ ಮೇಷ್ಟ್ರು ಜಗಲಿಯಿಂದಲೇ ಕೂಗಿದರು. "ಏನ್ ಮೇಷ್ಟ್ರೇ, ಸ್ಕೂಟರ್ ಬೇಡ ಅಂತ ನೇರವಾಗಿ ಹೆಲಿಕಾಪ್ಟರ್‌ಗೇ ಹೋಗ್ಬುಟ್ರಾ?"

ಅವರು ನಗಲಿಲ್ಲ. ಮಧ್ಯಾಹ್ನ ಕರೆಂಟಿನವನು ಬಂದು ನಡುಮನೆಯ ತೊಲೆಗೆ ಫ್ಯಾನು ನೇತುಹಾಕಿ ಸ್ವಿಚ್ಚು ಒತ್ತಿದ. ತೊಟ್ಟಿಲ ಮೇಲಿನ ಬಟ್ಟೆ ಹಾರಾಡಿತು. ಮಗು ಕಣ್ಣು ಮಿಟುಕಿಸಿ ಮೇಲೆ ನೋಡಿತು, ಬಾಯಿ ಚಪ್ಪರಿಸಿತು, ನಿದ್ದೆಹೋಯಿತು. ಮಗಳೂ ಗೋಡೆಗೆ ಒರಗಿದವಳು ಅಲ್ಲೇ ಮಲಗಿಬಿಟ್ಟಳು.

ಯಾವ ಫ್ಯಾನಿಗಾಗಿ ನಾನು ಇಷ್ಟು ವರ್ಷ ಪಾತ್ರೆ ಕುಕ್ಕಿದ್ದೆನೋ ಆ ಫ್ಯಾನು ತಲೆಯ ಮೇಲೆ ತಿರುಗುತ್ತಿತ್ತು. ನನಗೆ ಖುಷಿಯೇ ಆಗಲಿಲ್ಲ. ನಮ್ಮವರು ಕೈಕಟ್ಟಿಕೊಂಡು ಅದನ್ನೇ ನೋಡುತ್ತಾ ನಿಂತಿದ್ದರು. ಅಷ್ಟು ವರ್ಷ ಸೈಕಲ್ ತುಳಿದದ್ದು, ಸಗಣಿ ಹೊತ್ತದ್ದು, ಕೊಡ ಹೊತ್ತದ್ದು ಎಲ್ಲ ಆ ರೆಕ್ಕೆಗಳ ಜೊತೆ ಗಿರಗಿರ ಸುತ್ತುತ್ತಿದೆಯೇನೋ ಎನಿಸಿತು.

ಅವರು ಕೋಣೆಗೆ ಹೋದರು. ಟ್ರಂಕಿನ ಮುಚ್ಚಳ ಕಿರ್ ಎಂದಿತು. ನುಸಿಗುಳಿಗೆಯ ವಾಸನೆ ಮೊದಲು ಬಂತು, ಹಿಂದೆಯೇ ಅವರು ಬಂದರು. ಉರಿಬೇಸಿಗೆಯ ಮಧ್ಯಾಹ್ನ, ಕತ್ತಿನವರೆಗೆ ಗುಂಡಿ ಹಾಕಿದ ಸ್ವೆಟರು, ಕಿವಿ ಮುಚ್ಚಿದ ಮಂಗನ ಟೋಪಿ. ಬಂದವರೇ ಫ್ಯಾನಿನ ನೇರ ಕೆಳಗೆ ಚಾಪೆ ಹಾಸಿಕೊಂಡು, ಮಂಡಿ ಮಡಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು.

"ರೀ, ಏನಾಯ್ತು ನಿಮ್ಗೆ?" ಎಂದೆ, ಗಾಬರಿಯಿಂದ.

"ಷ್! ಮಗು ಎದ್ದೀತು," ಎಂದರು ಪಿಸುದನಿಯಲ್ಲಿ. ಟೋಪಿಯೊಳಗಿಂದ ಕಣ್ಣು ಮುಚ್ಚಿಕೊಂಡು ಹೇಳಿದರು. "ಎಷ್ಟು ದಿನ ಆಗಿತ್ತು ಕಣೇ ಹೀಗೆ ಕೂತು. ನಮ್ಮ ಹಳೇ ಮಾರ್ಗಳಿ ಥರಾನೇ ಇದೆ. ನೀನೂ ಒಂದು ಶಾಲು ಹೊದ್ಕೊಂಡು ಬಾ."

ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂದದ್ದು ಅವರಿಗೆ ಕಾಣಲಿಲ್ಲ. ಶಾಲು ತರಲು ಎದ್ದೆ. ಹೋಗುವ ದಾರಿಯಲ್ಲಿ ಗೋಡೆಯ ಹತ್ತಿರ ನಿಂತು, ಫ್ಯಾನಿನ ರೆಗ್ಯುಲೇಟರನ್ನು ಅವರಿಗೆ ಗೊತ್ತಾಗದ ಹಾಗೆ ಇನ್ನೊಂದು ಸುತ್ತು ಜೋರು ಮಾಡಿದೆ.